ಒಂದರ ಹಿಂದೆ ಒಂದು ಕಛೇರಿ: ರಾಮನವಮಿಯ ಸಂಜೆಗಳ ಕೇಳ್ಮೆ

ಸಾಲಾಗಿ ಹಲವು ಸಂಜೆ ಕಛೇರಿ ಕೇಳಬೇಕು ಎನ್ನುವುದು ನನಗೆ ಬಹಳ ದಿನದ ಆಸೆ. ವರ್ಷದಲ್ಲಿ ಅಲ್ಲೊಂದು ಇಲ್ಲೊಂದು ಕಛೇರಿಗೆ ಹೋಗುತ್ತಿದ್ದೆ. ಚೆನ್ನಾಗಿರುತ್ತಿತ್ತು, ಖುಷಿಯಿಂದ ಮನೆಗೆ ಬರುತ್ತಿದ್ದೆ. ಆದರೆ ಇವತ್ತು ಕೇಳಿದ ಕಲ್ಯಾಣಿ ರಾಗ ಕಿವಿಯಲ್ಲಿ ಇರುವಾಗಲೇ ನಾಳೆ ಇನ್ನೊಬ್ಬರ ಶಂಕರಾಭರಣ ಕೇಳಿದರೆ ಏನಾಗುತ್ತದೆ? ಅದು ಗೊತ್ತಾಗಬೇಕಾದರೆ ನಡುವೆ ತಿಂಗಳುಗಟ್ಟಲೆ ಬಿಡುವು ಇರಬಾರದು. ಈ ಸಲ ಚೈತ್ರದಲ್ಲಿ ಆ ಅವಕಾಶ ಸಿಕ್ಕಿತು. ಬೆಂಗಳೂರಿನ ರಾಮನವಮಿ ಕಛೇರಿಗಳಿಗೆ ನನ್ನ ಸೋದರತ್ತೆಯ ಜೊತೆ ಹೋದೆ.

ಬೆಂಗಳೂರಿಗೂ ರಾಮನವಮಿಯ ಸಂಗೀತಕ್ಕೂ ಹಳೆಯ ನಂಟು. ಯುಗಾದಿ ಕಳೆಯುತ್ತಿದ್ದ ಹಾಗೆ ಬಡಾವಣೆ ಬಡಾವಣೆಯಲ್ಲಿ ಚಪ್ಪರ ಏಳುತ್ತದೆ. ಮಲ್ಲೇಶ್ವರ, ಶೇಷಾದ್ರಿಪುರ, ಬಸವನಗುಡಿ, ಜಯನಗರ, ಎಲ್ಲ ಕಡೆಯೂ ಏನಾದರೂ ಒಂದು ನಡೆದೇ ಇರುತ್ತದೆ. ಅದರಲ್ಲಿ ಹೆಚ್ಚು ಹೆಸರಾದದ್ದು ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯ ಉತ್ಸವ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶುರು ಮಾಡಿದ್ದು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ದೊಡ್ಡ ಚಪ್ಪರ ಹಾಕುತ್ತಾರೆ, ಸಂಗೀತ ವಾರಗಟ್ಟಲೆ ನಡೆಯುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ವೇದಿಕೆ ಅದು. ಅತ್ತೆ ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಅಲ್ಲಿಗೆ ಹೋಗದ ವರ್ಷ ಕಡಿಮೆ.

ಅತ್ತೆ ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ವೀಣೆ ಕಲಿತವರು. ಈಗ ಬೆರಳು ನೋಯುತ್ತದೆ ಅಂತ ನುಡಿಸುವುದು ಕಡಿಮೆ. ಕೇಳುವುದು ಮಾತ್ರ ಬಿಟ್ಟಿಲ್ಲ. ನಾನು ಜೊತೆಗೆ ಬರುತ್ತೇನೆ ಅಂದಾಗ ಒಂದು ಷರತ್ತು ಹಾಕಿದರು. “ಕಛೇರಿ ಇರೋ ದಿನ ಬೆಳಗಿಂದ ಬೇರೆ ಸಂಗೀತ ಕೇಳಬೇಡ. ಇಯರ್‌ಫೋನ್ ಮನೇಲಿಡು. ಕಿವಿ ಖಾಲಿ ಇಟ್ಕೊಂಡು ಬಾರೇ.” ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಬೇಕು, ಹೊಟ್ಟೆ ತುಂಬ ತಿಂದು ಹೊರಡಬಾರದು, ಅರ್ಧ ಗಂಟೆ ಮೊದಲೇ ಹೋಗಿ ಕೂರಬೇಕು ಎನ್ನುವುದೂ ಅದರ ಜೊತೆಗೆ ಸೇರಿಕೊಂಡಿತು. ಮೊದಲ ಸಂಜೆಯೇ ಇವೆಲ್ಲ ಎಷ್ಟು ಸರಿ ಎಂದು ತಿಳಿಯಿತು. ಮೆಟ್ರೋದಲ್ಲಿ ಮಾರ್ಕೆಟ್ ನಿಲ್ದಾಣಕ್ಕೆ ಬಂದು, ಆ ಗದ್ದಲದೊಳಗಿಂದ ನಡೆದು ಚಪ್ಪರಕ್ಕೆ ಬಂದರೆ ಬೀದಿಯ ಹಾರ್ನು ಇನ್ನೂ ತಲೆಯಲ್ಲಿ ಮೊಳಗುತ್ತಿರುತ್ತದೆ. ಅದು ಇಳಿಯುವುದಕ್ಕೆ ಅರ್ಧ ಗಂಟೆ ಬೇಕೇ ಬೇಕು.

ಕೂರುವ ಜಾಗದ ಬಗ್ಗೆಯೂ ಅತ್ತೆಗೆ ಖಚಿತ ಅಭಿಪ್ರಾಯ ಇದೆ. ಮುಂದಿನ ಸಾಲು ಸಿಕ್ಕರೂ ಬೇಡ ಎನ್ನುತ್ತಾರೆ. ದೊಡ್ಡ ಚಪ್ಪರದಲ್ಲಿ ಸ್ಪೀಕರುಗಳ ದನಿ ಮುಂದಿನವರ ತಲೆಯ ಮೇಲಿಂದ ಹಾದು ಹೋಗುತ್ತದೆ. ತೀರ ಹಿಂದೆ ಕೂತರೆ ಪಾನಕದ ಹತ್ತಿರ ನಿಂತವರ ಮಾತು ಜಾಸ್ತಿ. ನಡುವೆ, ವೇದಿಕೆಗೆ ನೇರ ಎದುರಾಗಿ ಕೂತರೆ ಪಿಟೀಲು, ಹಾಡುಗಾರಿಕೆ, ಮೃದಂಗ ಮೂರೂ ಸಮವಾಗಿ ಬರುತ್ತವೆ. ಬಲಗೈಯವರಾದ ಮೃದಂಗ ವಿದ್ವಾಂಸರು ಗಾಯಕರ ಬಲಕ್ಕೆ ಕೂರುತ್ತಾರೆ. ಆಗ ವಾದ್ಯದ ಬಲಮುಖ, ಅಂದರೆ ಶ್ರುತಿ ಸೇರಿಸಿದ ಮುಖ, ಸಭೆಯ ಕಡೆ ಇರುತ್ತದೆ. ನಾನು ಎಷ್ಟೋ ಕಛೇರಿ ನೋಡಿದ್ದರೂ ಇದನ್ನು ಗಮನಿಸಿದ್ದು ಆ ಸಂಜೆಯೇ.

ಮೊದಲ ಸಂಜೆ ಹಿರಿಯ ಗಾಯಕರೊಬ್ಬರ ಹಾಡುಗಾರಿಕೆ. ಮೊದಲು ಒಂದು ವರ್ಣ, ಅಂದರೆ ಕಛೇರಿಯ ಆರಂಭಕ್ಕೆ ಹಾಡುವ ರಚನೆ. ಆಮೇಲೆ ಒಂದೆರಡು ಚಿಕ್ಕ ಕೃತಿ. ಆಮೇಲೆ ಆಲಾಪನೆ (ಸಾಹಿತ್ಯವಿಲ್ಲದೆ ರಾಗ ಬೆಳೆಸುವುದು), ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಸ್ವರ ಎಲ್ಲ ಇರುವ ದೊಡ್ಡ ಕೃತಿ, ಅದರ ಜೊತೆಗೆ ತನಿ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ. ಕೊನೆಗೆ ದೇವರನಾಮ, ಮಂಗಳ. ಇವತ್ತು ನಾವು ಸಹಜ ಎಂದುಕೊಂಡಿರುವ ಈ ಕ್ರಮಕ್ಕೆ ರೂಪ ಕೊಟ್ಟವರು ಅರಿಯಾಕುಡಿ ರಾಮಾನುಜ ಅಯ್ಯಂಗಾರ್ (1890–1967). ಸಾಲಾಗಿ ಕೇಳುವವರಿಗೆ ಈ ಕ್ರಮದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ವರ್ಣ ಹಾಡುವಾಗ ಗಾಯಕರ ಗಂಟಲು ಕಾಯುತ್ತದೆ, ಪಕ್ಕವಾದ್ಯದವರಿಗೆ ಆ ದಿನದ ನಡಿಗೆ ಸಿಗುತ್ತದೆ, ನಮ್ಮ ಕಿವಿಯೂ ಹದಕ್ಕೆ ಬರುತ್ತದೆ. ತಡವಾಗಿ ಬಂದು ನೇರ ದೊಡ್ಡ ಆಲಾಪನೆಗೆ ಕೂತವರಿಗೆ ಈ ಹದ ಸಿಗುವುದಿಲ್ಲ.

ಆ ದಿನ ದೊಡ್ಡದಾಗಿ ಹಾಡಿದ್ದು ಕಲ್ಯಾಣಿ. ಗಾಯಕರ ದನಿ ಭಾರ, ಒಂದು ಮನೆ ಶ್ರುತಿ (ಆಧಾರ ಸ್ವರದ ಎತ್ತರವನ್ನು ಮನೆಯ ಲೆಕ್ಕದಲ್ಲಿ ಹೇಳುತ್ತಾರೆ, ಮನೆ ಹೆಚ್ಚಿದಷ್ಟು ಎತ್ತರ). ಮೇಲಿನ ಷಡ್ಜಕ್ಕೆ ಹೋಗಿ ನಿಂತಾಗ ಚಪ್ಪರದಲ್ಲಿ ಯಾರೂ ಅಲುಗಾಡಲಿಲ್ಲ. ನಾನು ಆ ಸಂಜೆ ಕೇಳಿದ್ದು ಪೂರ್ತಿ ಆ ದನಿಯನ್ನೇ. ಪಿಟೀಲು ಇತ್ತು, ಮೃದಂಗ ಇತ್ತು, ಖಂಜಿರ ಕೂಡ ಇತ್ತು. ಮನೆಗೆ ಬಂದು ನೆನಪು ಮಾಡಿಕೊಂಡರೆ ದನಿ ಮಾತ್ರ ಉಳಿದಿತ್ತು. ಅತ್ತೆ ಕೇಳಿದರು, “ಪಿಟೀಲಿನವಳು ಆ ನಿಷಾದದ ಹತ್ತಿರ ಏನು ಮಾಡಿದ್ಲು ಕೇಳ್ದ್ಯಾ?” ಇಲ್ಲ ಅಂದೆ. “ಕೇಳಿಸುತ್ತೆ ಬಿಡು, ಎರಡು ದಿನ ಹೋಗ್ಲಿ” ಅಂದರು.

ಮರುದಿನ ಕೊಳಲು. ಯುವ ಕಲಾವಿದರು, ಶಂಕರಾಭರಣ ತೆಗೆದುಕೊಂಡರು. ಪುಸ್ತಕದಲ್ಲಿ ಓದಿದ್ದ ಒಂದು ಲೆಕ್ಕ ಅಲ್ಲಿ ಕಿವಿಗೆ ಇಳಿಯಿತು. 72 ಮೇಳಗಳಲ್ಲಿ, ಅಂದರೆ ಏಳೂ ಸ್ವರ ಇರುವ ಮೂಲ ರಾಗಗಳಲ್ಲಿ, ಮೊದಲ 36ಕ್ಕೆ ಶುದ್ಧ ಮಧ್ಯಮ, ಉಳಿದ 36ಕ್ಕೆ ಅದಕ್ಕಿಂತ ಎತ್ತರದ ಪ್ರತಿ ಮಧ್ಯಮ. ಶಂಕರಾಭರಣ 29ನೆಯದು. ಅದಕ್ಕೆ 36 ಕೂಡಿಸಿದರೆ 65, ಅದೇ ಕಲ್ಯಾಣಿ. ಅಂದರೆ ಎರಡಕ್ಕೂ ವ್ಯತ್ಯಾಸ ಒಂದೇ ಒಂದು ಸ್ವರ. ಇದನ್ನು ಶಾಲೆಯ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಹಿಂದಿನ ಸಂಜೆಯ ಕಲ್ಯಾಣಿಯ ಮಧ್ಯಮ ಇನ್ನೂ ಕಿವಿಯಲ್ಲಿ ಇರುವಾಗ, ಕೊಳಲು ಗಾಂಧಾರದಿಂದ ಮೇಲೆ ಹೊರಟು ಮೆತ್ತಗೆ ಶುದ್ಧ ಮಧ್ಯಮದ ಮೇಲೆ ಬಂದು ಕೂತಿತಲ್ಲ, ಆ ಕ್ಷಣ ಮೈ ಜುಮ್ಮೆಂದಿತು. ಕಲ್ಯಾಣಿಯಲ್ಲಿ ಮಧ್ಯಮ ಪಂಚಮದ ಕಡೆ ತುಯ್ಯುತ್ತದೆ, ಸುಮ್ನೆ ನಿಲ್ಲುವುದಿಲ್ಲ. ಶಂಕರಾಭರಣದಲ್ಲಿ ಅದೇ ಜಾಗದಲ್ಲಿ ಒಂದು ನೆಮ್ಮದಿ. ಬಾಕಿ ಎಲ್ಲ ಸ್ವರ ಅವೇ ಆದರೂ ಎರಡರ ಸ್ವಭಾವವೇ ಬೇರೆ. ತಿಂಗಳ ಅಂತರದಲ್ಲಿ ಕೇಳಿದ್ದರೆ ನನಗೆ ಇದು ಖಂಡಿತ ಗೊತ್ತಾಗುತ್ತಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಸಂಜೆಯೂ ಹಿಂದಿನ ಸಂಜೆಯ ಮೇಲೆ ಬಂದು ಕೂರತೊಡಗಿತು. ಮೋಹನ ಕೇಳಿದ ಮೇಲೆ ಹಿಂದೋಳ ಕೇಳಿದೆ. ಎರಡರಲ್ಲೂ ಐದೇ ಸ್ವರ. ಮೋಹನದಲ್ಲಿ ಮಧ್ಯಮ ನಿಷಾದ ಇಲ್ಲ, ಹಿಂದೋಳದಲ್ಲಿ ರಿಷಭ ಪಂಚಮ ಇಲ್ಲ. ಪಂಚಮವೇ ಇಲ್ಲದ ರಾಗವನ್ನು ಹಾಡುವಾಗಲೂ ತಂಬೂರಿ ಪಂಚಮವನ್ನು ಮೀಟುತ್ತಲೇ ಇದ್ದರೆ ಅದು ಹೇಗೆ ಕೇಳುತ್ತದೆ ಎಂಬ ಕುತೂಹಲ ಹುಟ್ಟಿತು. ಆ ದಿನದ ಗಾಯಕಿ ತಂಬೂರಿಯ ತಂತಿಯನ್ನು ಮಧ್ಯಮಕ್ಕೆ ಸೇರಿಸಿಕೊಂಡಿರಲಿಲ್ಲ. ಆದರೂ ದನಿ ತನ್ನ ದಾರಿ ಬಿಡಲಿಲ್ಲ. ಒಂದು ಸಂಜೆ ಹಿಂದೂಸ್ತಾನಿಯೂ ಇತ್ತು. ಅಲ್ಲಿ ಹಾಡಿದ್ದು ಮಾಲ್ಕಂಸ್. ಅದೂ ಹಿಂದೋಳದ ಅದೇ ಐದು ಸ್ವರ. ಆದರೆ ವಿಲಂಬಿತ ಏಕತಾಳದ 12 ಮಾತ್ರೆಗಳನ್ನು ಅಷ್ಟು ನಿಧಾನವಾಗಿ ಎಳೆದಾಗ ಒಂದೊಂದು ಸ್ವರದ ಸುತ್ತ ಓಡಾಡಲು ಜಾಗ ಸಿಗುತ್ತದೆ. ನನಗೆ ಹಿಂದೂಸ್ತಾನಿಯ ಪರಿಚಯ ಅಷ್ಟಾಗಿ ಇಲ್ಲ, ಅದರ ಬಗ್ಗೆ ಇಷ್ಟೇ ಹೇಳಬಲ್ಲೆ.

ಪಿಟೀಲು ಕೇಳಿಸತೊಡಗಿದ್ದು ಒಬ್ಬ ಗಾಯಕಿಯ ಭೈರವಿಯಲ್ಲಿ. ಐದು ಮನೆ ಶ್ರುತಿಯ ತೆಳುವಾದ, ನೇರವಾದ ದನಿ. ಅವರು ಆಲಾಪನೆ ಮಾಡುವಾಗ ಪಿಟೀಲು ಒಂದು ಉಸಿರಿನಷ್ಟು ಹಿಂದೆ ಬರುತ್ತದೆ. ಅವರು ನಿಲ್ಲಿಸಿದ ಕಡೆ ಒಂದು ಎಳೆ ಹಿಡಿದು ಸಭೆಗೆ ತೋರಿಸಿ ಬಿಟ್ಟುಬಿಡುತ್ತದೆ. ಗಾಯಕಿ ಮುಂದೆ ಏನು ಹಾಡುತ್ತಾರೆ ಎಂದು ಆ ಪಿಟೀಲು ವಿದ್ವಾಂಸರಿಗೂ ಗೊತ್ತಿಲ್ಲ. ಕೇಳಿ, ತಕ್ಷಣ ಅದನ್ನು ಬಿಲ್ಲಿಗೆ ತರಬೇಕು. ಅಷ್ಟು ಹೊತ್ತು ನೆರಳಾಗಿದ್ದವರಿಗೆ ಆಮೇಲೆ ತಮ್ಮದೇ ಆಲಾಪನೆ ಬರುತ್ತದೆ. ಆಗ ಭೈರವಿ ಇನ್ನೊಂದು ದಿಕ್ಕಿನಿಂದ ಕಾಣುತ್ತದೆ. ಭೈರವಿಯಲ್ಲಿ ಎರಡು ಧೈವತ ಬರುತ್ತವೆ, ಏರುವಾಗ ಒಂದು, ಇಳಿಯುವಾಗ ಒಂದು. ಗಾಯಕಿ ಅದನ್ನು ಮಾತಿನೊಳಗೆ ಸೇರಿಸಿ ದಾಟಿಸಿದ್ದರು. ಪಿಟೀಲು ಅದೇ ಜಾಗದಲ್ಲಿ ನಿಂತು ಎರಡನ್ನೂ ಬಿಡಿಸಿ ತೋರಿಸಿತು.

ವಿರಾಮದಲ್ಲಿ ಅತ್ತೆ ಚೌಡಯ್ಯನವರ ವಿಷಯ ತೆಗೆದರು. ತಿರುಮಕೂಡಲು ನರಸೀಪುರದವರು, 1895ರಲ್ಲಿ ಹುಟ್ಟಿದವರು. ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭೆಗಳಲ್ಲಿ ಪಿಟೀಲು ಹಿಂದಿನವರಿಗೆ ಕೇಳುತ್ತಿರಲಿಲ್ಲ. ಅದಕ್ಕೇ ಅವರು ಏಳು ತಂತಿಯ ಪಿಟೀಲು ಮಾಡಿಕೊಂಡು ನಾದ ಹೆಚ್ಚಿಸಿದರು. ಮಲ್ಲೇಶ್ವರದ ಹತ್ತಿರ ಅವರ ಹೆಸರಿನ ಪಿಟೀಲಿನ ಆಕಾರದ ಸಭಾಂಗಣವನ್ನು ಎಲ್ಲರೂ ನೋಡಿದ್ದೇವೆ. ಆ ವಾದ್ಯ ಯಾಕೆ ಹುಟ್ಟಿತು ಎನ್ನುವುದು ಹಾರ್ನಿನ ಸದ್ದು ಕೇಳುವ ಚಪ್ಪರದಲ್ಲಿ ಕೂತಾಗ ಚೆನ್ನಾಗಿ ಅರ್ಥವಾಗುತ್ತದೆ.

ಮಳೆಯ ಸಂಜೆಯೊಂದನ್ನು ಹೇಳಲೇಬೇಕು. ಏಪ್ರಿಲ್‌ನ ಸಂಜೆ ಮಳೆ ಬೆಂಗಳೂರಿಗೆ ಹೊಸದಲ್ಲ. ಕಛೇರಿ ಶುರುವಾಗಿ ಮೂರನೇ ಕೃತಿಗೆ ಬಂದಾಗ ಚಪ್ಪರದ ತಗಡಿನ ಮೇಲೆ ದಪ್ಪ ಹನಿ ಬಿದ್ದವು. ಪಕ್ಕಕ್ಕೆ ಕೂತವರು ಕುರ್ಚಿ ಎಳೆದುಕೊಂಡು ನಡುವಿಗೆ ಬಂದರು. ಗಾಯಕರು ನಿಲ್ಲಿಸಲಿಲ್ಲ. ಆದರೆ ತಂಪು ಗಾಳಿ ಬಂದದ್ದೇ ಮೃದಂಗದ ಚರ್ಮ ಸಡಿಲವಾಗಿ ಶ್ರುತಿ ಇಳಿಯಿತು. ಮೃದಂಗ ವಿದ್ವಾಂಸರು ಕೃತಿ ಮುಗಿಯುವ ತನಕ ಹೇಗೋ ನಿಭಾಯಿಸಿದರು. ಆಮೇಲೆ ಕಲ್ಲು ತೆಗೆದು ಬಲಮುಖದ ಅಂಚಿನ ಹೆಣಿಗೆಯ ಮೇಲೆ ಸುತ್ತಲೂ ತಟ್ಟತೊಡಗಿದರು. ಮೇಲಿಂದ ತಟ್ಟಿದರೆ ಚರ್ಮ ಬಿಗಿಯಾಗಿ ಶ್ರುತಿ ಏರುತ್ತದೆ, ಕೆಳಗಿಂದ ತಟ್ಟಿದರೆ ಇಳಿಯುತ್ತದೆ. ಒಂದೊಂದು ಕಡೆ ತಟ್ಟಿ, ಬೆರಳಲ್ಲಿ ಮೀಟಿ, ತಂಬೂರಿಗೆ ಕಿವಿ ಕೊಟ್ಟು, ಮತ್ತೆ ತಟ್ಟಿ. ಎಡಮುಖದ ಮೇಲೆ ಕಲಸಿ ಹಚ್ಚಿದ ರವೆಯನ್ನೂ ಒಮ್ಮೆ ಬೆರಳಿಂದ ಸರಿಮಾಡಿದರು. ಆ ರವೆಯಿಂದಲೇ ಎಡಗಡೆಗೆ ಆ ಗಂಭೀರ ನಾದ ಬರುವುದು.

ಸುತ್ತಲಿನವರು ಮೊಬೈಲು ತೆಗೆದರು. ಅತ್ತೆ ಮಾತ್ರ ಕಣ್ಣು ಮುಚ್ಚಿಕೊಂಡು ಕೇಳುತ್ತಲೇ ಇದ್ದರು. ನಾನೂ ಕೇಳಿದೆ. ಮೊದಲು ಮೃದಂಗ ತಂಬೂರಿಯಿಂದ ದೂರ ಇತ್ತು. ತಟ್ಟುತ್ತಾ ತಟ್ಟುತ್ತಾ ಹತ್ತಿರ ಬಂತು. ಒಂದು ಪೆಟ್ಟಿಗೆ ಎರಡೂ ಸೇರಿಕೊಂಡು ಒಂದೇ ಆಯಿತು. ಶ್ರುತಿ ಸೇರುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈಗ ಆ ಪೆಟ್ಟನ್ನು ನೆನೆಸಿಕೊಳ್ಳುತ್ತೇನೆ. ಅದಾದ ಮೇಲಿನ ಕಛೇರಿಗಳಲ್ಲಿ ನಾನು ಅರ್ಧ ಗಂಟೆ ಮೊದಲೇ ಹೋಗುವುದಕ್ಕೆ ಇದೂ ಒಂದು ಕಾರಣವಾಯಿತು. ಪರದೆ ಏಳುವ ಮೊದಲು ಕಲಾವಿದರು ಶ್ರುತಿ ಸೇರಿಸುವುದನ್ನು ಕೇಳುವುದು ನನಗೆ ಈಗ ಕಛೇರಿಯ ಭಾಗ.

ತನಿ ಆವರ್ತನ ಶುರುವಾದರೆ ಎದ್ದು ಹೋಗುವವರು ಇದ್ದಾರೆ. ಕಾಫಿಗೆ, ಫೋನಿಗೆ, ಕೊನೆಯ ಬಸ್ಸಿಗೆ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಒಂದೂವರೆ ಗಂಟೆ ಹಾಡಿಗೆ ಆಸರೆಯಾಗಿ ಕೂತವರಿಗೆ ಸಿಗುವ ಸಮಯ ಅದೊಂದೇ. ಅದೇ ಹೊತ್ತಿಗೆ ಅವರ ಕಣ್ಣ ಮುಂದೆ ಸಾಲು ಸಾಲಾಗಿ ಜನ ಎದ್ದು ಬೆನ್ನು ತೋರಿಸುತ್ತಾರೆ. ಹೀಗೆ ಎದ್ದು ಹೋಗುವವರಲ್ಲಿ ಎಷ್ಟೋ ಜನರಿಗೆ ತನಿಯನ್ನು ಎಲ್ಲಿ ಹಿಡಿದುಕೊಳ್ಳಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ನನಗೂ ಹಿಡಿ ಸಿಕ್ಕಿದ್ದು ಪಕ್ಕದ ಕುರ್ಚಿಯ ಹಿರಿಯರಿಂದ. ಅವರ ಕೈ ತೊಡೆಯ ಮೇಲೆ ನಿಲ್ಲದೆ ತಾಳ ಹಾಕುತ್ತಿತ್ತು. ನಾನು ನೋಡುತ್ತಿರುವುದನ್ನು ಕಂಡು, “ನೀವೂ ಹಾಕಿಮ್ಮ. ತಪ್ಪಿದ್ರೆ ನನ್ನ ಕೈ ನೋಡಿ ಮತ್ತೆ ಸೇರ್ಕೊಳ್ಳಿ” ಅಂದರು.

ಆದಿತಾಳ, ಎಂಟು ಎಣಿಕೆ. ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು ಬೀಸು, ಪೆಟ್ಟು ಬೀಸು. ಇದನ್ನು ಹಾಕುವುದು ಸುಲಭ. ಆದರೆ ಮೃದಂಗದ ನಡೆ ಚತುರಶ್ರದಿಂದ ತಿಶ್ರಕ್ಕೆ ತಿರುಗಿದಾಗ, ಒಂದು ಎಣಿಕೆಯೊಳಗೆ ನಾಲ್ಕರ ಬದಲು ಮೂರು ಬೀಳುವಾಗ, ಕೈ ತಾನಾಗಿ ಓಡಲು ನೋಡುತ್ತದೆ. ಹಿರಿಯರ ಕೈ ಮಾತ್ರ ಒಂದೇ ವೇಗ. ಅದನ್ನು ನೋಡಿಕೊಂಡು ನಾನೂ ಹಿಡಿದಿಟ್ಟೆ. ಹಿಡಿದಿಟ್ಟಾಗಲೇ ಮೃದಂಗ ಮಾಡುತ್ತಿರುವ ಕೆಲಸ ತಿಳಿಯುವುದು. ತಾಳ ಅಲ್ಲಾಡದೆ ನಿಂತಿದೆ, ಅದರ ಮೇಲೆ ವಿದ್ವಾಂಸರು ತಮಗೆ ಬೇಕಾದ ಲೆಕ್ಕ ಕಟ್ಟುತ್ತಿದ್ದಾರೆ, ಕಟ್ಟಿದ್ದು ಬಂದು ಸರಿಯಾಗಿ ಎಡುಪ್ಪಿನಲ್ಲಿ, ಅಂದರೆ ಹಾಡಿನ ಸಾಲು ಎತ್ತಿಕೊಳ್ಳುವ ಜಾಗದಲ್ಲಿ, ಇಳಿಯುತ್ತದೆ.

ಆ ದಿನ ಮೃದಂಗದ ಜೊತೆ ಘಟ ಇತ್ತು. ಘಟಕ್ಕೆ ಮೃದಂಗದ ಹಾಗೆ ಬಿಗಿ ಮಾಡಲು ಹೆಣಿಗೆ ಇಲ್ಲ. ಸುಟ್ಟ ಮಣ್ಣಿಗೆ ಯಾವ ಶ್ರುತಿ ಬಂದಿದೆಯೋ ಹೆಚ್ಚುಕಡಿಮೆ ಅದೇ. ಅದಕ್ಕೆ ಗಾಯಕರ ಶ್ರುತಿಗೆ ಒಪ್ಪುವ ಘಟವನ್ನೇ ತರಬೇಕು. ಮೊದಲು ಮೃದಂಗ ದೀರ್ಘವಾಗಿ ನುಡಿಯಿತು, ಆಮೇಲೆ ಘಟ. ಮತ್ತೆ ಮೃದಂಗ, ಮತ್ತೆ ಘಟ. ಒಬ್ಬೊಬ್ಬರ ಸರದಿ ಅರ್ಧಕ್ಕರ್ಧ ಕಿರಿದಾಗುತ್ತಾ ಬಂತು. ನಾಲ್ಕು ಆವರ್ತ, ಎರಡು, ಒಂದು, ಅರ್ಧ. ಕೊನೆಗೆ ಒಂದೊಂದು ಎಣಿಕೆಗೆ ಇವರಿಂದ ಅವರಿಗೆ, ಅವರಿಂದ ಇವರಿಗೆ. ಆಗ ಇಬ್ಬರೂ ಒಟ್ಟಿಗೆ ಸೇರಿ ಮೋಹರಕ್ಕೆ, ಅಂದರೆ ತನಿ ಮುಗಿಯುವ ಮುನ್ನ ನುಡಿಸುವ ಭಾಗಕ್ಕೆ, ಬಂದರು, ಮೂರು ಸಲ ಮುಕ್ತಾಯ ನುಡಿಸಿದರು. ಮೂರನೆಯದು ಮುಗಿದ ಜಾಗದಲ್ಲೇ ಗಾಯಕರು ಪಲ್ಲವಿಯ ಸಾಲು ಎತ್ತಿಕೊಂಡರು. ಹಿರಿಯರು ನನ್ನ ಕಡೆ ತಿರುಗಿ ನಕ್ಕರು. ನನ್ನ ಕೈಯೂ ಅದೇ ಎಣಿಕೆಯಲ್ಲಿತ್ತು. ಅಷ್ಟು ಸಂತೋಷ ನನಗೆ ಸಂಗೀತದಲ್ಲಿ ಆಗಿದ್ದು ಅಪರೂಪ.

ಅದಾದ ಮೇಲೆ ನೆರವಲ್ ಕೂಡ ಬೇರೆಯಾಗಿ ಕೇಳಿಸತೊಡಗಿತು. ನೆರವಲ್‌ನಲ್ಲಿ ಸಾಹಿತ್ಯದ ಒಂದೇ ಸಾಲನ್ನು ಮತ್ತೆ ಮತ್ತೆ ಹೊಸ ಸಂಗತಿಗಳಲ್ಲಿ, ಅಂದರೆ ಬೇರೆ ಬೇರೆ ಸ್ವರಜೋಡಣೆಗಳಲ್ಲಿ, ಹಾಡುತ್ತಾರೆ. ಆದರೆ ಪದಗಳು ತಾಳದಲ್ಲಿ ತಮ್ಮ ಜಾಗ ಬಿಟ್ಟು ಹೋಗಬಾರದು. ತಾಳ ಹಾಕದೆ ಕೇಳಿದರೆ ಪುನರಾವರ್ತನೆ ಅನ್ನಿಸಬಹುದು. ತಾಳ ಹಾಕುತ್ತಾ ಕೇಳಿದರೆ ಗಾಯಕರು ಎಷ್ಟು ದೂರ ಹೋಗಿ ಆ ಪದಕ್ಕೆ ಸರಿಯಾಗಿ ವಾಪಸು ಬರುತ್ತಾರೆ ಎನ್ನುವುದು ಕಾಣುತ್ತದೆ. ಮಿಶ್ರಛಾಪಿನ ಏಳು ಎಣಿಕೆ, ಮೂರು ಮತ್ತು ನಾಲ್ಕಾಗಿ ಬರುವ ಆ ನಡಿಗೆ, ಈಗ ನನಗೆ ಆದಿತಾಳಕ್ಕಿಂತ ಇಷ್ಟ.

ಒಂದು ಹಂತದಲ್ಲಿ ದಣಿವು ಬಂತು. ಕಾಲು, ಬೆನ್ನು ನೋವಿನ ಮಾತಲ್ಲ. ಕಿವಿಯೇ ದಣಿಯುತ್ತದೆ. ಆ ಸಂಜೆ ಒಳ್ಳೆಯ ಕಲಾವಿದರೇ ಹಾಡುತ್ತಿದ್ದರು, ರಾಗ ಖರಹರಪ್ರಿಯ ಎಂದು ಗೊತ್ತಾಗುತ್ತಿತ್ತು, ಆದರೆ ಏನೂ ಒಳಗೆ ಇಳಿಯುತ್ತಿರಲಿಲ್ಲ. ಅತ್ತೆಗೆ ಹೇಳಿದೆ. “ಹಾಗಾದ್ರೆ ನಾಳೆ ಬೇಡ. ಮನೇಲಿರು, ಟಿ.ವಿ.ನೂ ಹಾಕ್ಬೇಡ” ಅಂದರು. ಮರುದಿನ ಹೋಗಲಿಲ್ಲ. ಸಂಜೆ ಬಟ್ಟೆ ಮಡಿಸುತ್ತಾ, ಹೂವಿನ ಗಿಡಕ್ಕೆ ನೀರು ಹಾಕುತ್ತಾ ಕಳೆದೆ. ಆಗ ತಾನಾಗಿ ಹಿಂದಿನ ದಿನಗಳ ತುಣುಕುಗಳು ಬರತೊಡಗಿದವು. ಕೊಳಲಿನ ಆ ಶುದ್ಧ ಮಧ್ಯಮ, ಭೈರವಿಯ ಪಿಟೀಲು. ಖರಹರಪ್ರಿಯದ ಒಂದು ಸಂಗತಿ ಕೂಡ ಬಂತು, ಇಳಿಯಲಿಲ್ಲ ಎಂದುಕೊಂಡಿದ್ದೆನಲ್ಲ, ಅದೇ. ಸಾಲಾಗಿ ಕೇಳುವವರು ನಡುವೆ ಒಂದು ಸಂಜೆ ಖಾಲಿ ಬಿಡುವುದು ಅಗತ್ಯ ಎಂದು ನನ್ನ ಅನುಭವ.

ಕೇಳಿದ್ದನ್ನು ಬರೆದಿಡುವ ವಿಷಯದಲ್ಲಿ ನಾನು ಒಂದು ಕ್ರಮ ಇಟ್ಟುಕೊಂಡೆ. ಸಭೆಯಲ್ಲಿ ಕೂತು ಬರೆಯುವುದಿಲ್ಲ. ವಾಪಸು ಬರುವಾಗ ಮೆಟ್ರೋದಲ್ಲಿ ಒಂದೇ ಒಂದು ಸಾಲು. ರಾಗ, ತಾಳ, ನೆನಪಲ್ಲಿ ಉಳಿದ ಒಂದು ಜಾಗ. ರಾಗ ಯಾವುದೆಂದು ತಿಳಿಯದಿದ್ದರೆ ಅಲ್ಲೇ ಫೋನಿನಲ್ಲಿ ಹುಡುಕದೆ, ಯಾವ ರಾಗದ ಹತ್ತಿರ ಇದೆ ಎಂದು ಬರೆದುಕೊಳ್ಳುತ್ತಿದ್ದೆ. ಹೆಸರು ಸಿಕ್ಕಿದ ತಕ್ಷಣ ಮನಸ್ಸು ಕೇಳುವುದನ್ನು ನಿಲ್ಲಿಸಿಬಿಡುತ್ತದೆ. ಹೆಸರಿಲ್ಲದೆ ಕೇಳುವಾಗ ಒಂದೊಂದು ಸ್ವರವನ್ನೂ ಹಿಂಬಾಲಿಸಿ ಹೋಗಬೇಕಾಗುತ್ತದೆ.

ಬೇರೆ ಜಾಗಗಳಿಗೂ ಹೋದೆವು. ಒಂದು ಸಭಾಂಗಣದಲ್ಲಿ ಮೃದಂಗದ ಮೈಕು ಎಷ್ಟು ಏರಿಸಿದ್ದರೆಂದರೆ ಪಿಟೀಲು ಇದೆ ಎನ್ನುವುದೇ ಕಾಣುವುದರಿಂದ ತಿಳಿಯಬೇಕಿತ್ತು. ಗಾಯಕಿ ಎರಡು ಸಲ ಕೈ ಸನ್ನೆ ಮಾಡಿದರೂ ಸರಿಹೋಗಲಿಲ್ಲ. ಚೆನ್ನಾಗಿ ಕಲಿತ ಪಿಟೀಲು ಕಲಾವಿದೆಯೊಬ್ಬರ ಇಡೀ ಸಂಜೆ ಹಾಗೆ ಹೋಯಿತು. ಧ್ವನಿವರ್ಧಕ ನೋಡಿಕೊಳ್ಳುವವರಿಗೂ ಈ ಸಂಗೀತ ಗೊತ್ತಿರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕಛೇರಿ ನಡೆಸುವವರು ಕಲಾವಿದರನ್ನು ಆರಿಸುವಷ್ಟೇ ಕಾಳಜಿಯಿಂದ ಅವರನ್ನೂ ಆರಿಸಬೇಕು.

ಅದಕ್ಕೆ ತೀರ ಎದುರಾದ ಅನುಭವ ಜಯನಗರದ ಒಂದು ಮನೆಯಲ್ಲಿ. ಅತ್ತೆಯ ಗೆಳತಿಯ ಪರಿಚಯದವರು, ರಾಮನವಮಿಯ ಸಮಯಕ್ಕೆ ಮಹಡಿಯ ಹಾಲಿನಲ್ಲಿ ಚಿಕ್ಕ ಕಛೇರಿ ಇಟ್ಟುಕೊಳ್ಳುತ್ತಾರೆ. ಜಮಖಾನದ ಮೇಲೆ ಇಪ್ಪತ್ತು ಮೂವತ್ತು ಜನ. ಮೈಕು ಇಲ್ಲ. ಆ ದಿನ ವೀಣೆ.

ವೀಣೆ ಮೈಕಿಲ್ಲದೆ ಕೇಳಬೇಕಾದ ವಾದ್ಯ. ತಂತಿ ಮೀಟಿದ ಕ್ಷಣ ನಾದ ಹುಟ್ಟಿ, ಆಗಲೇ ಇಳಿಯಲು ಶುರುವಾಗುತ್ತದೆ. ಇಳಿಯುವ ನಾದದೊಳಗೇ ಗಮಕ, ಅಂದರೆ ಸ್ವರದ ತೂಗಾಟ, ಮುಗಿಯಬೇಕು. ಮೈಕಿನಲ್ಲಿ ಆ ಇಳಿಯುವಿಕೆ ದಪ್ಪವಾಗಿಬಿಡುತ್ತದೆ. ಇಲ್ಲಿ ನಾವೇ ಮುಂದಕ್ಕೆ ಬಾಗಿ ಕೇಳಬೇಕಾಯಿತು. ಎಲ್ಲರೂ ಬಾಗಿದ್ದರು. ನುಡಿಸಿದವರು ತೋಡಿ ತೆಗೆದುಕೊಂಡರು. ಎರಡು ಸಂಜೆ ಮುಂಚೆ ಚಾಮರಾಜಪೇಟೆಯಲ್ಲಿ ಹಾಡುಗಾರಿಕೆಯಲ್ಲಿ ತೋಡಿ ಕೇಳಿದ್ದೆ. ಅದರ ಗಾಂಧಾರ ಒಂದು ಕಡೆ ನಿಲ್ಲದು, ತೂಗಾಡುತ್ತಲೇ ಇರುತ್ತದೆ. ದನಿಯಲ್ಲಿ ಆ ತೂಗಾಟ ಎಲ್ಲಿಂದ ಎಲ್ಲಿಗೆ ಎಂದು ಹಿಡಿಯಲು ಆಗಿರಲಿಲ್ಲ. ವೀಣೆಯಲ್ಲಿ ಅದು ಕಣ್ಣಿಗೇ ಕಂಡಿತು. 24 ಮೆಟ್ಟಿಲುಗಳ ಮೇಲೆ ಎಡಗೈಯ ಎರಡು ಬೆರಳು. ಒಂದು ಮೆಟ್ಟಿಲಿನ ಮೇಲೆ ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆಯುತ್ತಾರೆ, ಬಿಡುತ್ತಾರೆ, ಮತ್ತೆ ಎಳೆಯುತ್ತಾರೆ. ಎಳೆದಷ್ಟು ಸ್ವರ ಏರುತ್ತದೆ, ಬಿಟ್ಟಷ್ಟು ಇಳಿಯುತ್ತದೆ. ಗಮಕ ಎನ್ನುವುದು ಸ್ವರಕ್ಕೆ ಮೇಲಿಂದ ಹಚ್ಚಿದ ಅಲಂಕಾರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಆ ಬೆರಳನ್ನು ನೋಡಿದ ಮೇಲೆ ಹಾಗೆ ಹೇಳಲು ಆಗುವುದಿಲ್ಲ. ತೋಡಿಯ ಗಾಂಧಾರ ಎಂದರೇ ಆ ಚಲನೆ. ಅದನ್ನು ತೆಗೆದರೆ ಉಳಿಯುವುದು ತೋಡಿಯಲ್ಲ.

ಪಕ್ಕದಲ್ಲಿ ಅತ್ತೆಯ ಎಡಗೈ ಮೊಣಕಾಲಿನ ಮೇಲೆ ಸಣ್ಣಗೆ ಸರಿಯುತ್ತಿತ್ತು. ಮೈಸೂರಿನ ಬಾನಿ, ಅಂದರೆ ಆ ಕಡೆಯ ನುಡಿಸುವ ಶೈಲಿ, ಎಂದರೆ ಅತ್ತೆಗೆ ಪ್ರಾಣ. ವೀಣೆ ಶೇಷಣ್ಣನವರ (1852–1926) ಶಿಷ್ಯಪರಂಪರೆಯಲ್ಲಿ ಬಂದವರ ಹತ್ತಿರ ಅತ್ತೆಯ ಗುರುಗಳು ಕಲಿತಿದ್ದರಂತೆ. ಆ ದಿನ ನುಡಿಸಿದವರದು ಬೇರೆ ಬಾನಿ, ಹಾಡುಗಾರಿಕೆಯನ್ನೇ ಹೆಚ್ಚು ಅನುಸರಿಸುವುದು. ಆಮೇಲೆ ಅತ್ತೆ ಅವರ ಹತ್ತಿರ ಹೋಗಿ, “ನಮ್ಮ ಕಡೆ ಮೀಟು ಜಾಸ್ತಿ. ನೀವು ಒಂದು ಮೀಟಿನಲ್ಲಿ ಅಷ್ಟು ದೂರ ಎಳೆದುಕೊಂಡು ಹೋಗ್ತೀರಲ್ಲ, ಬಹಳ ಚೆನ್ನಾಗಿತ್ತು” ಅಂದರು. ಅವರು ಎದ್ದು ನಿಂತು, “ನೀವು ನುಡಿಸ್ತೀರಾಮ್ಮ?” ಅಂದರು. ಅತ್ತೆ, “ನುಡಿಸ್ತಿದ್ದೆ” ಅಂದರು. ಅವರು ವೀಣೆಯನ್ನು ಅತ್ತೆಯ ಕಡೆ ತಿರುಗಿಸಿದರು. ಅತ್ತೆ ಬೇಡ ಬೇಡ ಎನ್ನುತ್ತಲೇ ಕೂತು ತಾನದ ನಾಲ್ಕು ಸಾಲು ನುಡಿಸಿದರು. ಬೆರಳು ನೋಯುವುದರ ಮಾತು ಆ ರಾತ್ರಿ ಬರಲಿಲ್ಲ.

ರಾಮನವಮಿಯ ದಿನ ಚಾಮರಾಜಪೇಟೆಯಲ್ಲಿ ಜನವೋ ಜನ. ಪಾನಕ, ಕೋಸಂಬರಿ, ನೀರುಮಜ್ಜಿಗೆ. ಅಂದಿನ ಕಛೇರಿಯನ್ನು ನಿಂತುಕೊಂಡೇ ಕೇಳಿದೆವು.

ನಾವು ಕೊನೆಗೆ ಹೋದ ಕಛೇರಿಯಲ್ಲಿ ರಾಗ ತಾನ ಪಲ್ಲವಿ ಇತ್ತು, ಅಂದರೆ ಆಲಾಪನೆ, ತಾನ, ಆಮೇಲೆ ಒಂದೇ ಸಾಲಿನ ಪಲ್ಲವಿಯ ವಿಸ್ತಾರ. ಅಷ್ಟು ಹೊತ್ತಿಗೆ ಕಿವಿ ಎಲ್ಲದಕ್ಕೂ ತಯಾರಾಗಿತ್ತು. ಆಲಾಪನೆಯಲ್ಲಿ ಪಿಟೀಲಿನ ನೆರಳು, ತಾನದಲ್ಲಿ ತಾಳವಿಲ್ಲದೆಯೂ ಓಡುವ ಲಯ, ಪಲ್ಲವಿಯ ಸಾಲು ಎಲ್ಲಿ ಎತ್ತುತ್ತದೆ ಎನ್ನುವುದು, ಗಾಯಕಿ ಅದನ್ನು ಕೆಳಕಾಲಕ್ಕೂ ಮೇಲುಕಾಲಕ್ಕೂ ಒಯ್ದಾಗ ಕೈಯ ತಾಳ ಬದಲಾಗದಿರುವುದು. ಮೃದಂಗದವರು ಗಾಯಕಿಯ ಸ್ವರಗಳ ಮುಕ್ತಾಯವನ್ನು ಮೊದಲ ಸಲಕ್ಕೇ ಹಿಡಿದು ಜೊತೆಯಲ್ಲೇ ಮುಗಿಸಿದಾಗ ಅತ್ತೆ ನನ್ನ ಕೈ ಒತ್ತಿದರು. ನಾನು ಆಗಲೇ ಅದನ್ನು ಕೇಳಿದ್ದೆ.

ಹೀಗೆ ಸಾಲಾಗಿ ಕೇಳಬೇಕು ಎನ್ನುವವರು ಇಡೀ ಉತ್ಸವ ಹಿಡಿಯಬೇಕಾಗಿಲ್ಲ. ಒಂದು ಹಾಡುಗಾರಿಕೆ, ಮರುದಿನ ಕೊಳಲೋ ವೀಣೆಯೋ, ಒಂದು ದಿನ ಬಿಟ್ಟು ಮತ್ತೆ ಹಾಡುಗಾರಿಕೆ. ಗಾಯಕರು ಗಂಡಸರು ಒಮ್ಮೆ, ಹೆಂಗಸರು ಒಮ್ಮೆ ಇದ್ದರೆ ಶ್ರುತಿಯ ವ್ಯತ್ಯಾಸವೂ ತಿಳಿಯುತ್ತದೆ. ದೊಡ್ಡ ಹೆಸರನ್ನೇ ಹುಡುಕಬೇಡಿ, ಸಂಜೆಯ ಮೊದಲ ಭಾಗದಲ್ಲಿ ಬರುವ ಚಿಕ್ಕ ವಯಸ್ಸಿನವರನ್ನೂ ಕೇಳಿ. ವರ್ಣದಿಂದ ಮಂಗಳದ ತನಕ ಕೂತಿರಿ, ತನಿಗೆ ಏಳಬೇಡಿ.

ಅತ್ತೆ ಈಗ ಗಣೇಶ ಹಬ್ಬಕ್ಕೆ ಲೆಕ್ಕ ಹಾಕುತ್ತಿದ್ದಾರೆ. ಮೈಸೂರಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ಗಣೇಶೋತ್ಸವದ ಕಛೇರಿಗಳು ನಡೆಯುತ್ತವೆ, ಬೀದಿಯಲ್ಲೇ ಚಪ್ಪರ ಹಾಕಿ. ಅವರ ತಂಗಿಯ ಮನೆ ಸರಸ್ವತಿಪುರಂನಲ್ಲಿದೆ, ಉಳಿದುಕೊಳ್ಳಲು ತೊಂದರೆ ಇಲ್ಲ. ನಾನು ಆಫೀಸಿನಲ್ಲಿ ರಜೆ ಕೇಳಿಟ್ಟಿದ್ದೇನೆ.